ಬೆಣ್ಣೆ ಮಾರುವವರ ಚಾವಡಿ

ಇಂಗ್ಲೆಂಡೆಂದರೆ ಲಂಡನ್ ಎಂದೇ ಭಾವಿಸುವ ವಾಚಕರಿಗೆ ಆ ದೇಶದ ಒಂದು ಸಂತೆಯೂರನ್ನು ಪರಿಚಯಿಸಬೇಕೆಂದಿದ್ದೇವೆ. ಗ್ಲಾಸ್ಟರ್‌ಶೈರಿನ ಕಾಟ್ಸ್‌ವೋಲ್ಡ್ ಗುಡ್ಡಗಳ ನಡುವಣ ಈ ಊರಿನ ಹೆಸರು ಚಿಪ್ಪಿಂಗ್ ಕ್ಯಾಂಪ್ಡನ್. ‘ಚಿಪ್ಪಿಂಗ್’ ಎಂಬುದು ಸಂತೆ ಎಂಬರ್ಥದ ಹಳೆಯ ಇಂಗ್ಲಿಷ್ ಮಾತಿನಿಂದ ಬಂದುದು. ನಮ್ಮ ಸಂತೇಬೆನ್ನೂರು, ಸಂತೇಮರಹಳ್ಳಿಗಳಂತೆ ಇದಕ್ಕೂ ಸಂತೆಯೇ ಹೆಸರು ಕೊಟ್ಟಿದೆ.

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಮೋರ್ಟನ್-ಇನ್-ಮಾರ್ಶ್‌ವರೆಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಪಯಣ. ಅಲ್ಲಿಂದ ಮುಂದೆ ಬಸ್ಸು. ಊರನ್ನು ಹೊಕ್ಕೊಡನೆ ಕಾಣುವುದು ಉದ್ದನೆಯ ಬೀದಿ, ಇಕ್ಕೆಲಗಳಲ್ಲಿಯೂ ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು. ಈ ಸಿರಿಯನ್ನು ತಂದುದು ಕುರಿಯ ಉಣ್ಣೆ. ಉಣ್ಣೆ ವರ್ತಕ ವಿಲಿಯಂ ಗ್ರೆವೆಲ್ 1380ರ ಸುಮಾರಿಗೆ ಕಟ್ಟಿಸಿದ ಮನೆ ಇಂದಿಗೂ ನಿಂತಿದೆ. 1401ರಲ್ಲಿ ತೀರಿಕೊಂಡ ಆತನ ಹಿತ್ತಾಳೆಯ ಸ್ಮಾರಕ ಫಲಕವು ಸೇಂಟ್ ಜೇಮ್ಸ್ ಇಗರ್ಜಿಯಲ್ಲಿದೆ.

ಆದರೆ ನಮ್ಮನ್ನು ತಡೆದು ನಿಲ್ಲಿಸಿದುದು ಬೀದಿಯ ನಡುವಣ ಸಂತೆಯ ಚಾವಡಿ. ಬಾಗಿಲಿಲ್ಲ, ಬೀಗವಿಲ್ಲ, ಕಲ್ಲಿನ ಕಮಾನುಗಳ ಮೇಲೊಂದು ಮಾಡು, ಕೆಳಗೆ ಏರುಪೇರಾದ ಕಲ್ಲುನೆಲ. ಬೆಣ್ಣೆ, ಚೀಸು, ಕೋಳಿಗಳನ್ನು ಮಾರಲು ಬಂದವರು ಮಳೆಯಲ್ಲಿ ನೆನೆಯದಿರಲೆಂದು ಸರ್ ಬ್ಯಾಪ್ಟಿಸ್ಟ್ ಹಿಕ್ಸ್ ಇದನ್ನು 1627ರಲ್ಲಿ ಕಟ್ಟಿಸಿದನು. ಈತ ಲಂಡನ್ನಿನ ಚೀಪ್‌ಸೈಡಿನಲ್ಲಿ ಬಟ್ಟೆ ವ್ಯಾಪಾರ ಮಾಡಿ, ದೊರೆ ಒಂದನೆಯ ಜೇಮ್ಸನಿಗೇ ಸಾಲ ಕೊಟ್ಟ ಸಾಹುಕಾರ. 1612ರಲ್ಲಿ ಈ ಊರಿನ ಹನ್ನೆರಡು ಮಂದಿ ಬಡವರಿಗಾಗಿ ವಸತಿಯನ್ನೂ ಕಟ್ಟಿಸಿದ್ದನು.

ತನಗೆಂದು ಆತ ಇಗರ್ಜಿಯ ಪಕ್ಕದಲ್ಲಿ ಅರಮನೆಯಂತಹ ಮನೆಯೊಂದನ್ನು ಕಟ್ಟಿಸಿಕೊಂಡನು. ಆತ ಸತ್ತುದು 1629ರಲ್ಲಿ. ಅಂತರ್ಯುದ್ಧದ ಕಾಲದಲ್ಲಿ, 1645ರಲ್ಲಿ, ಆ ಮನೆ ಶತ್ರುಗಳ ವಶವಾದೀತೆಂದು ದೊರೆಯ ಪಕ್ಷದ ಸೈನಿಕರೇ ಅದಕ್ಕೆ ಬೆಂಕಿಯಿಟ್ಟರು. ಇಂದು ಅಲ್ಲಿ ಹೆಬ್ಬಾಗಿಲು ಮತ್ತು ಕೆಲವು ಮಂಟಪಗಳಷ್ಟೇ ಉಳಿದಿವೆ. ಬಡವರ ವಸತಿಯಲ್ಲಾದರೋ ಇಂದಿಗೂ ವೃದ್ಧರು ವಾಸವಾಗಿದ್ದಾರೆ. 1940ರ ದಶಕದಲ್ಲಿ ಚಾವಡಿಯು ಅಮೆರಿಕದವರ ಪಾಲಾಗುವ ಸಂಭವ ಒದಗಿದಾಗ, ಊರವರೇ ಹಣ ಕೂಡಿಸಿ ಅದನ್ನು ಕೊಂಡು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಧನಿಕನ ಮನೆಯನ್ನು ಅವನ ಪಕ್ಷದವರೇ ಸುಟ್ಟರು. ಬೆಣ್ಣೆ ಮಾರುವವರ ಮಾಡನ್ನು ಊರೆಲ್ಲ ಸೇರಿ ಕಾಯಿತು.

ಪರಸ್ಥಳದಲ್ಲಿ ದುಡಿದು ಊರಿನಲ್ಲೊಂದು ಮನೆ ಕಟ್ಟಿಸುವ ಆಸೆ ನಮ್ಮ ಹೋಟೆಲು ಬಂಧುಗಳಿಗೂ ಗುಮಾಸ್ತ ಮಿತ್ರರಿಗೂ ಸಹಜವಾದುದೇ, ಅದು ಸಫಲವಾಗಲಿ. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಾಲ್ಕು ಕಾಸು ಕಂಡ ನಮ್ಮಂತಹ ಮಾಲೀಕರು, ಊರಿನ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸುವ ಮುನ್ನ, ಊರ ಸಂತೆಯತ್ತ ಒಮ್ಮೆ ನಡೆದುಹೋಗುವುದು ಒಳ್ಳೆಯದು. ಸೊಪ್ಪಿನ ಬುಟ್ಟಿಯಿಟ್ಟುಕೊಂಡು ಬಿಸಿಲಿನಲ್ಲಿ ಕುಳಿತ ಮುದುಕಿಯ ತಲೆಯ ಮೇಲೆ ಇನ್ನೂ ಮಾಡಿಲ್ಲ.