ನಮ್ಮ ಆಸೆಗಳನ್ನು ದೇವರ ಮುಂದೆ ಇಡಬಹುದೇ?

ಪ್ರತಿ ಬುಧವಾರ ಸಂಜೆ ನಿತ್ಯ ಸಹಾಯ ಮಾತೆಯ ನವೇನ ಮುಗಿದ ಮೇಲೆ ಕೋರಿಕೆಗಳ ಪೆಟ್ಟಿಗೆಯನ್ನು ತೆರೆದು, ಭಕ್ತರು ಹಾಕಿದ ಚೀಟಿಗಳನ್ನು ಬಿಡಿಸಿ ಜೋಡಿಸಿಡುವ ಕೆಲಸ ಕೆಲವು ಕಾಲ ನಮ್ಮ ಪಾಲಿಗೆ ಬಂದಿತ್ತು. ಮುಂದಿನ ವಾರದ ಪ್ರಾರ್ಥನೆಯಲ್ಲಿ ಗುರುಗಳು ಅವುಗಳನ್ನು ಓದುತ್ತಿದ್ದರು. ತಾಳವಾಡಿ ಕಡೆಯ ನಮ್ಮ ಬೆಟ್ಟದ ಊರುಗಳಲ್ಲಿ ಚೀಟಿಗಳು ಕನ್ನಡದಲ್ಲೂ ಬರುತ್ತವೆ, ತಮಿಳಿನಲ್ಲೂ ಬರುತ್ತವೆ. ಮಗನಿಗೆ ತಿರುಪ್ಪೂರಿನಲ್ಲಿ ಕೆಲಸ ಸಿಗಲಿ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿ ಬರಲಿ, ಯಜಮಾನರು ಕುಡಿತ ಬಿಡಲಿ, ಅರಿಶಿನಕ್ಕೆ ಬೆಲೆ ಬರಲಿ, ಆನೆ ಹೊಲಕ್ಕೆ ಇಳಿಯದಿರಲಿ. ಚೀಟಿಗಳನ್ನು ಓದುತ್ತಾ ಹೋದರೆ ಇಡೀ ಧರ್ಮಕೇಂದ್ರದ ಕಷ್ಟಸುಖ ಕಣ್ಣ ಮುಂದೆ ಬರುತ್ತಿತ್ತು.

ಒಂದು ಸಂಗತಿ ಮಾತ್ರ ನಮ್ಮ ಗಮನಕ್ಕೆ ತಡವಾಗಿ ಬಂತು. ಅಷ್ಟು ಚೀಟಿಗಳಲ್ಲಿ ‘ನನಗೆ ಇದು ಬೇಕು’ ಎಂದು ಬರೆದವರು ತೀರಾ ಕಡಿಮೆ. ಅದರಲ್ಲೂ ತಾಯಂದಿರು ಬರೆಸಿದ ಚೀಟಿಗಳಲ್ಲಿ ಆ ಮಾತು ಇರುತ್ತಲೇ ಇರಲಿಲ್ಲ.

ಒಬ್ಬ ಹಿರಿಯ ತಾಯಿಯ ಚೀಟಿ ಪ್ರತಿ ವಾರವೂ ಇರುತ್ತಿತ್ತು. ಶಾಲೆಯ ನೋಟು ಪುಸ್ತಕದಿಂದ ಹರಿದ ಹಾಳೆಯಲ್ಲಿ ಅವರ ಮೊಮ್ಮಗಳು ಬರೆದುಕೊಡುತ್ತಿದ್ದಳು: ಜಮೀನಿನ ಕೇಸು ನಮ್ಮ ಕಡೆ ಆಗಲಿ. ಒಂದು ಬುಧವಾರ ಮೊಮ್ಮಗಳು ಬಂದಿರಲಿಲ್ಲ. ಬರೆದುಕೊಡಲು ಅವರು ನಮ್ಮನ್ನೇ ಕೇಳಿದರು. ಮಾಮೂಲಿನ ಕೋರಿಕೆ ಬರೆದ ಮೇಲೆ, “ಅವ್ವಾ, ನಿಮಗೇ ಅಂತ ಏನು ಬರೀಲಿ?” ಎಂದೆವು. ಅವರು ಗಾಬರಿಯಾದರು. “ನಂಗಾ? ನಂಗೇನು ಬೇಕು ಅಂತ ದೇವರತ್ರ ಕೇಳದಾ? ಅದು ಸ್ವಾರ್ಥ ಅಲ್ವಾ ಮಗಾ?” ಎಂದರು.

ಆ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಪ್ರಿಯ ಓದುಗರೇ, ನಮ್ಮ ಸ್ವಂತ ಆಸೆಗಳಿಗೆ ನಮ್ಮ ವಿಶ್ವಾಸದ ಬಾಳಿನಲ್ಲಿ ಜಾಗವಿದೆಯೇ? ಅಥವಾ ಚಪ್ಪಲಿಯಂತೆ ಅವನ್ನು ದೇವಾಲಯದ ಹೊರಗೇ ಬಿಟ್ಟು ಒಳಗೆ ಬರಬೇಕೇ?

ಆಸೆ ಎಂದರೆ ಪಾಪವೇ?

ಆಸೆಯನ್ನು ಅನುಮಾನದಿಂದ ನೋಡುವುದು ನಮಗೆ ಚಿಕ್ಕಂದಿನಿಂದಲೇ ಬಂದದ್ದು. ಅತಿ ಆಸೆ ಗತಿ ಕೇಡು ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಆ ಗಾದೆ ಬೈಯುವುದು ಅತಿ ಆಸೆಯನ್ನು. ಹತ್ತು ಕಟ್ಟಳೆಗಳಲ್ಲಿ ಒಂಬತ್ತನೆಯದೂ ಹತ್ತನೆಯದೂ ಆಸೆಯ ಕುರಿತೇ ಇವೆ. ಅಲ್ಲಿ ನಿಷೇಧಿಸಿರುವುದು ಪರರ ಬಾಳಸಂಗಾತಿಯ ಮೇಲಿನ, ಪರರ ಸೊತ್ತಿನ ಮೇಲಿನ ಆಸೆ. ಇನ್ನೊಬ್ಬರ ಪಾಲನ್ನು ಕಸಿಯುವ ಬಯಕೆ ಪಾಪ, ಸರಿ. ಮನೆ ಬೇಕು, ಮಗು ಬೇಕು, ಓದಬೇಕು, ಯಾರಾದರೂ ನನ್ನನ್ನು ಪ್ರೀತಿಸಬೇಕು ಎನ್ನುವ ಬಯಕೆಯೂ ಪಾಪವೆಂದು ಆ ಕಟ್ಟಳೆಗಳು ಹೇಳುವುದಿಲ್ಲ.

ಎರಡನೆಯ ಜಾನ್ ಪೌಲರು ಜಗದ್ಗುರುಗಳಾಗಿದ್ದಾಗ 1992ರಲ್ಲಿ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಪ್ರಕಟವಾಯಿತು. ಅದರ ಮೊದಲ ಅಧ್ಯಾಯ ಶುರುವಾಗುವುದೇ ಮನುಷ್ಯನ ಹೃದಯದಲ್ಲಿರುವ ಹಂಬಲದಿಂದ. ದೇವರ ಹಂಬಲವನ್ನು ದೇವರೇ ಮನುಷ್ಯನ ಎದೆಯಲ್ಲಿ ಇಟ್ಟಿದ್ದಾರೆ ಎಂಬುದು ಅಲ್ಲಿನ ಬೋಧನೆ. ಬಯಸುವ ಶಕ್ತಿಯನ್ನೇ ಕಿತ್ತು ಹಾಕಿದರೆ ದೇವರನ್ನು ಬಯಸುವುದಾದರೂ ಯಾವುದರಿಂದ?

ಒಂದೇ ಪ್ರಶ್ನೆ, ಎರಡು ಉತ್ತರ

ಸಂತ ಮಾರ್ಕನ ಶುಭಸಂದೇಶದ 10ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ ನೋಡೋಣ. ಯೇಸುಸ್ವಾಮಿ ಅಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾರೆ: ನಾನು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರಿ ಎಂದು.

ಮೊದಲು ಕೇಳಿದ್ದು ಜೆಬೆದಾಯನ ಮಕ್ಕಳಾದ ಯಕೋಬ, ಯೊವಾನ್ನರನ್ನು. ಪ್ರಭುವಿನ ಮಹಿಮೆಯಲ್ಲಿ ಎಡಬಲದ ಜಾಗ ಬೇಕೆಂದರು ಅವರು. ಉಳಿದ ಹತ್ತು ಮಂದಿ ಸಿಟ್ಟಾದರು. ಯೇಸು ಅವರನ್ನು ಓಡಿಸಲಿಲ್ಲ. ಏನು ಕೇಳುತ್ತಿದ್ದೀರೆಂದು ನಿಮಗೇ ತಿಳಿಯದು ಎಂದು ತಿಳಿಹೇಳಿ, ತಾವು ಕುಡಿಯುವ ಪಾತ್ರೆಯಿಂದ ಕುಡಿಯಬಲ್ಲಿರಾ ಎಂದು ಕೇಳಿದರು. ಅವರು ಬಯಸಿದ ಜಾಗ ಸಿಗಲಿಲ್ಲ. ಆದರೆ ಅದೇ ಯಕೋಬನು ಮುಂದೆ ಹೆರೋದನ ಕತ್ತಿಗೆ ಬಲಿಯಾದನೆಂದು ಪ್ರೇಷಿತರ ಕಾರ್ಯಕಲಾಪಗಳ 12ನೆಯ ಅಧ್ಯಾಯ ತಿಳಿಸುತ್ತದೆ. ಪ್ರಭುವಿನ ಪಕ್ಕದಲ್ಲಿರಬೇಕೆಂಬ ಆಸೆಯಿಂದ ದೊಡ್ಡಸ್ತಿಕೆ ಕಳಚಿ ಬಿತ್ತು, ಪ್ರೀತಿ ಉಳಿಯಿತು.

ಎರಡನೆಯ ಸಲ ಕೇಳಿದ್ದು ಜೆರಿಕೋ ದಾರಿಯ ಕುರುಡ ಭಿಕ್ಷುಕ ಬಾರ್ತಿಮಾಯನನ್ನು. ಜನರು ಅವನ ಬಾಯಿ ಮುಚ್ಚಿಸಲು ನೋಡಿದರು. ಅವನು ಇನ್ನೂ ಗಟ್ಟಿಯಾಗಿ ಕೂಗಿದ. ಕುರುಡನಿಗೆ ಏನು ಬೇಕೆಂದು ಯೇಸುವಿಗೆ ಗೊತ್ತಿರಲಿಲ್ಲವೇ? ಆದರೂ ಅವನ ಬಾಯಿಂದಲೇ ಅದು ಬರಲಿ ಎಂದು ಕಾದರು. ಅವನು ದೃಷ್ಟಿ ಬೇಕೆಂದ. ಸಿಕ್ಕ ದೃಷ್ಟಿಯಿಂದ ಮಾಡಿದ ಮೊದಲ ಕೆಲಸ, ಯೇಸುವನ್ನು ದಾರಿಯಲ್ಲಿ ಹಿಂಬಾಲಿಸಿದ್ದು.

ಗೆತ್ಸೆಮನಿ ತೋಪಿನಲ್ಲಿ ಸ್ವತಃ ಯೇಸುವೇ ತಮ್ಮ ಆಸೆಯನ್ನು ತಂದೆಯ ಮುಂದೆ ಇಟ್ಟರು. ತಂದೆಯ ಚಿತ್ತವೇ ನೆರವೇರಲಿ ಎಂದ ಮಾತನ್ನು ನಾವೆಲ್ಲ ನೆನಪಿಡುತ್ತೇವೆ. ಅದಕ್ಕೂ ಮೊದಲು, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿದ್ದನ್ನು ಮರೆತುಬಿಡುತ್ತೇವೆ. ಮೊದಲಿನ ಮಾತನ್ನು ಬಾಯಿಬಿಟ್ಟು ಹೇಳದೆ ನೇರವಾಗಿ ಎರಡನೆಯದಕ್ಕೆ ಹಾರಿದರೆ, ನಮ್ಮ ಒಪ್ಪಿಗೆ ಬಾಯಿಮಾತಿನದಾಗಿಯೇ ಉಳಿಯುತ್ತದೆ.

ಆಸೆಯನ್ನು ತೂಗಿ ನೋಡಿದ ಸೈನಿಕ

ಆಸೆಗಳನ್ನು ಹೇಳಬಹುದು, ಸರಿ. ಆದರೆ ಯಾವ ಆಸೆಯ ಹಿಂದೆ ಹೋಗಬೇಕು, ಯಾವುದನ್ನು ಬಿಡಬೇಕು? ಇದನ್ನು ಹಾಸಿಗೆಯ ಮೇಲೆ ಮಲಗಿಯೇ ಕಲಿತವರೊಬ್ಬರಿದ್ದಾರೆ. ನಮ್ಮಲ್ಲಿ ಎಷ್ಟೋ ಅಜ್ಜಂದಿರಿಗೆ ಇನ್ನಾಸಪ್ಪ ಎಂದು ಹೆಸರು ಬಂದದ್ದು ಇವರಿಂದಲೇ: ಲೊಯೋಲದ ಸಂತ ಇಗ್ನಾಸಿಯವರು.

1521ರ ಮೇ 20ರಂದು ಸ್ಪೇನಿನ ಪಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಅವರ ಬಲಗಾಲಿನ ಮೂಳೆ ಮುರಿಯಿತು. ಕೂಡಿಕೊಂಡ ಮೂಳೆ ಹೊರಗೆ ಉಬ್ಬಿ ಕಾಣುತ್ತಿತ್ತು. ಸೊಗಸಾದ ಬಿಗಿ ಬೂಟು ಹಾಕಿಕೊಳ್ಳಲಾಗದು ಎಂಬ ಒಂದೇ ಕಾರಣಕ್ಕೆ, ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು! ಅವರ ಆಸೆಗಳು ಅಷ್ಟು ಬಲವಾಗಿದ್ದವು.

ಹಾಸಿಗೆ ಹಿಡಿದಾಗ ಓದಲು ವೀರಪುರುಷರ ಕತೆ ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನ ಚರಿತ್ರೆ ಮತ್ತು ಸಂತರ ಚರಿತ್ರೆ. ಒಮ್ಮೆ ದೊಡ್ಡ ಮನೆತನದ ಒಬ್ಬ ಹೆಣ್ಣಿನ ಮೆಚ್ಚುಗೆ ಗಳಿಸುವ ಕನಸು ಕಾಣುತ್ತಿದ್ದರು. ಇನ್ನೊಮ್ಮೆ ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ಬಾಳುವ ಕನಸು. ಕಾಣುವಾಗ ಎರಡೂ ಸಿಹಿಯೇ. ಆದರೆ ಮೊದಲ ಕನಸು ಮುಗಿದ ಮೇಲೆ ಮನಸ್ಸು ಒಣಗಿ ಹೋಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಒಂದು ದಿನ ಅವರು ಗುರುತಿಸಿದರು. ಅವರ ಬದುಕಿನ ತಿರುವು ಶುರುವಾದದ್ದು ಅಲ್ಲಿಂದ.

1548ರಲ್ಲಿ ಜಗದ್ಗುರು ಮೂರನೆಯ ಪೌಲರ ಒಪ್ಪಿಗೆ ಪಡೆದ ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ, ಧ್ಯಾನಕ್ಕೆ ಕುಳಿತವರು ಮೊದಲು ತಮಗೆ ಏನು ಬೇಕೆಂದು ದೇವರಲ್ಲಿ ಕೇಳಿಕೊಳ್ಳಬೇಕೆಂಬ ಸೂಚನೆ ಮತ್ತೆ ಮತ್ತೆ ಬರುತ್ತದೆ. ಆಸೆಯನ್ನು ಅವರು ಕೊಲ್ಲಲಿಲ್ಲ, ತೂಗಿ ನೋಡಲು ಕಲಿಸಿದರು. 1540ರಲ್ಲಿ ಮಾನ್ಯತೆ ಪಡೆದ ಅವರ ಯೇಸು ಸಭೆಯ ಗುರುಗಳಲ್ಲಿ ಒಬ್ಬರಾದ ಲಿಯೊನಾರ್ಡೊ ಚಿನ್ನಮಿಯವರು 17ನೆಯ ಶತಮಾನದ ನಡುವಿನಲ್ಲಿ ಇಟಲಿಯಿಂದ ಬಂದು, ಕನ್ನಡ ಕಲಿತು, ಮೈಸೂರು ಮಿಷನ್ನಿಗೆ ತಳಪಾಯ ಹಾಕಿದರು. ರೋಗಿಯೊಬ್ಬರು ತಮ್ಮ ಮನಸ್ಸನ್ನು ಪ್ರಾಮಾಣಿಕವಾಗಿ ನೋಡಿಕೊಂಡದ್ದರ ಫಲ ನಮ್ಮ ಕನ್ನಡ ನಾಡಿಗೂ ಬಂದು ಮುಟ್ಟಿತು.

ಕೇಳಿದ್ದು ಸಿಗದಿದ್ದಾಗ

ಕೇಳಿದರೂ ಸಿಗಲಿಲ್ಲವೆಂದರೆ? ಮಕ್ಕಳಿಗಾಗಿ ಕಣ್ಣೀರಿಡುವ ತಾಯಂದಿರಿಗೆ ಸಂತ ಮೋನಿಕಾ ಗೊತ್ತಿರುವವರೇ. ಉತ್ತರ ಆಫ್ರಿಕಾದ ಈ ತಾಯಿ ದಾರಿ ತಪ್ಪಿದ ಮಗ ಅಗಸ್ಟೀನನ ಮನಃಪರಿವರ್ತನೆಗಾಗಿ ವರ್ಷಗಟ್ಟಲೆ ಅತ್ತರು. 383ರಲ್ಲಿ ಮಗ ರೋಮಿಗೆ ಹೊರಟಾಗ, ಅವನು ಹೋಗದಿರಲಿ ಎಂದು ಕಾರ್ಥೇಜಿನ ಸಮುದ್ರ ತೀರದ ಪ್ರಾರ್ಥನಾಲಯದಲ್ಲಿ ರಾತ್ರಿಯೆಲ್ಲ ಬೇಡಿದರು. ಮಗ ಸುಳ್ಳು ಹೇಳಿ ಅದೇ ರಾತ್ರಿ ಹಡಗು ಹತ್ತಿದ. ಮಗನನ್ನು ಬೆಂಗಳೂರಿಗೋ ಗಲ್ಫಿಗೋ ಕಳಿಸಿ ಫೋನಿನ ದಾರಿ ಕಾಯುವ ನಮ್ಮ ತಾಯಂದಿರಿಗೆ ಆ ಬೆಳಗಿನ ನೋವು ಅರ್ಥವಾಗದೇ?

ಆದರೆ ಇಟಲಿಗೆ ಹೋದದ್ದರಿಂದಲೇ ಅಗಸ್ಟೀನನಿಗೆ ಮಿಲಾನಿನಲ್ಲಿ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಪರಿಚಯವಾಯಿತು. 387ರ ಪಾಸ್ಕ ಹಬ್ಬದಲ್ಲಿ ಅವನು ಅವರ ಕೈಯಿಂದಲೇ ಸ್ನಾನದೀಕ್ಷೆ ಪಡೆದ. ತಾಯಿ ಅಂದು ಕೇಳಿದ್ದನ್ನು ದೇವರು ಕೊಡಲಿಲ್ಲ, ಎಂದೆಂದೂ ಕೇಳುತ್ತಿದ್ದುದನ್ನು ಕೊಟ್ಟರು ಎಂಬ ಅರ್ಥದಲ್ಲಿ ಅಗಸ್ಟೀನರೇ ಮುಂದೆ ಬರೆದರು.

ಮೋನಿಕಾ ಅವರಿಗೆ ತಮಗಾಗಿಯೂ ಒಂದು ಆಸೆಯಿತ್ತು. ತಮ್ಮೂರಿನಲ್ಲಿ, ಗಂಡನ ಸಮಾಧಿಯ ಪಕ್ಕದಲ್ಲಿ ಮಣ್ಣಾಗಬೇಕೆಂದು ಜಾಗವನ್ನೂ ಸಿದ್ಧಮಾಡಿಸಿದ್ದರು. ಅದೇ 387ರಲ್ಲಿ ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯಾ ಬಂದರಿನಲ್ಲಿ ಕಾಯಿಲೆ ಬಿದ್ದರು. ದೇಹವನ್ನು ಎಲ್ಲಾದರೂ ಇಡಿ, ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆದರೆ ಸಾಕು ಎಂದು ಮಕ್ಕಳಿಗೆ ಹೇಳಿದರು. ಆ ಆಸೆಯನ್ನು ಯಾರೂ ಅವರಿಂದ ಕಸಿಯಲಿಲ್ಲ. ದೊಡ್ಡ ಆಸೆ ಈಡೇರಿದ ಮೇಲೆ ಚಿಕ್ಕದು ತಾನಾಗಿ ಕೈಯಿಂದ ಜಾರಿತು.

ಮತ್ತೆ ಆ ಚೀಟಿ

ನಮ್ಮ ಅವ್ವನ ಚೀಟಿಗೆ ಮರಳೋಣ. ಅವರ ಒಪ್ಪಿಗೆ ಪಡೆದೇ, ಹೆಸರು ಹೇಳದೆ ಇದನ್ನು ಬರೆಯುತ್ತಿದ್ದೇವೆ.

ಅಂದು ನಾವು ಉತ್ತರ ಕೊಡಲಾಗದೆ ಸುಮ್ಮನಿದ್ದೆವು. ಬಾರ್ತಿಮಾಯನ ಶುಭಸಂದೇಶ ಓದಿದ ಒಂದು ಭಾನುವಾರ ಪೂಜೆಯ ನಂತರ ಅವರೇ ಬಂದು ನಮ್ಮ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತರು. ಕೇಸು ಯಾರ ಮೇಲೆ ಎಂದು ಕೇಳಿದೆವು. ಗಡಿಯಾಚೆ ಚಾಮರಾಜನಗರ ಕಡೆಗೆ ಮದುವೆಯಾಗಿ ಹೋದ ಸ್ವಂತ ಅಕ್ಕನ ಮೇಲೆ. ಅಪ್ಪ ಬಿಟ್ಟು ಹೋದ ಎರಡು ಎಕರೆ ಹೊಲ. ಏಳು ವರ್ಷದಿಂದ ಮಾತಿಲ್ಲ. ಸ್ವಲ್ಪ ಹೊತ್ತು ನೆಲ ನೋಡುತ್ತಾ ಕುಳಿತು ಅವರು ಹೇಳಿದರು: “ಕೇಸು ಗೆದ್ರೆ ಅವಳು ಸೋತು ನನ್ನ ಬಾಗ್ಲಿಗೆ ಬತ್ತಾಳೆ ಅಂದ್ಕಂಡಿದ್ದೆ ಮಗಾ. ಹೊಲ ಅಲ್ಲ, ಅವಳು ಬರ್ಬೇಕು. ಅಷ್ಟೇ.”

ಆ ಬುಧವಾರದ ಚೀಟಿಯನ್ನು ನಾವೇ ಬರೆದುಕೊಟ್ಟೆವು. ಅಕ್ಕನ ಜೊತೆ ಒಂದು ಸಲ ಕೂತು ಉಣ್ಣಬೇಕು, ನನಗೆ ಅದು ಬೇಕು ಎಂದು ಅವರು ಹೇಳಿದಂತೆಯೇ ಬರೆದೆವು.

ಕೆಲವು ವಾರಗಳ ನಂತರ ಅವರೇ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದರು. ಅಕ್ಕ ಕಾಫಿ ಕೊಟ್ಟರಂತೆ, ಹೆಚ್ಚು ಮಾತಾಡಲಿಲ್ಲವಂತೆ. ಉಣ್ಣುವುದಕ್ಕೆ ಇನ್ನೂ ಮೂರು ಸಲ ಹೋಗಬೇಕಾಯಿತು. ಕೇಸು ಇಂದಿಗೂ ಮುಗಿದಿಲ್ಲ. ಆದರೆ ತಾರೀಖಿನ ಹಿಂದಿನ ಸಂಜೆಯೇ ಅಕ್ಕ ಬಂದು ತಂಗಿಯ ಮನೆಯಲ್ಲಿ ಉಳಿಯುತ್ತಾರೆ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಕೋರ್ಟಿಗೆ ಹೋಗುತ್ತಾರೆ.

ನಮ್ಮ ಮನೆಗಳಲ್ಲಿ

ಸಂಜೆ ಜಪಸರ ಮುಗಿದ ಮೇಲೆ, ವಾರಕ್ಕೊಮ್ಮೆಯಾದರೂ ಮನೆಯವರೆಲ್ಲ ತಮಗೆ ನಿಜವಾಗಿ ಬೇಕಾದ ಒಂದನ್ನು ಬಾಯಿಬಿಟ್ಟು ಹೇಳೋಣ. ತಾಯಿಯೂ ಹೇಳಲಿ. ಮುಂದೆ ಓದಬೇಕೆನ್ನುವ ಮಗಳೂ ಹೇಳಲಿ. ಯಾರೂ ನಗುವುದು ಬೇಡ, ಕೂಡಲೇ ಬುದ್ಧಿ ಹೇಳುವುದೂ ಬೇಡ.

ಆ ಆಸೆಯ ಕನಸು ಕಂಡ ಮೇಲೆ ಮನಸ್ಸು ಹೇಗಿರುತ್ತದೆ, ಒಣಗುತ್ತದೆಯೇ, ಹಗುರವಾಗುತ್ತದೆಯೇ ಎಂದು ಇಗ್ನಾಸಿಯವರಂತೆ ನೋಡಿಕೊಳ್ಳೋಣ. ಇನ್ನೊಬ್ಬರ ಪಾಲು ಕೇಳುವ, ಮದುವೆಯ ನಂಬಿಕೆ ಒಡೆಯುವ, ಕುಡಿತಕ್ಕೆ ಎಳೆಯುವ ಆಸೆಯಾದರೆ ಅದನ್ನೂ ದೇವರಿಂದ ಮುಚ್ಚಿಡದೆ ಪಾಪನಿವೇದನೆಗೆ ಒಯ್ಯೋಣ. ಬೆಳಕಿಗೆ ತಂದ ಆಸೆಯನ್ನು ತಿದ್ದಬಹುದು, ಕತ್ತಲಲ್ಲಿ ಅಡಗಿಸಿಟ್ಟದ್ದು ನಮ್ಮನ್ನೇ ಆಳುತ್ತದೆ.

ಕೊನೆಗೆ, ಪ್ರಭು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಕೂಡಿ ಹೇಳೋಣ. ತಂದೆಯ ಚಿತ್ತವನ್ನು ಬೇಡುವ ಅದೇ ಪ್ರಾರ್ಥನೆಯಲ್ಲಿ, ಮರುಸಾಲಿನಲ್ಲೇ ಅಂದಂದಿನ ಅನ್ನದ ಬೇಡಿಕೆಯೂ ಇದೆ. ಅವೆರಡನ್ನೂ ಒಟ್ಟಿಗೆ ಇಟ್ಟವರು ಯೇಸುಸ್ವಾಮಿಯೇ. ಅವುಗಳನ್ನು ಬೇರೆ ಮಾಡಲು ನಾವು ಯಾರು?