ದವಾಖಾನೆಯ ಕಾಗದಗಳು

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋದವರು ಅಲ್ಲಿಯ ಶಾಸನಗಳನ್ನು ಕಂಡಿರುತ್ತೀರಿ. ದಾನ ಕೊಟ್ಟವರಾರು, ಪಡೆದವರಾರು, ಯಾವ ದಿನ, ಹೊಲದ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೊರೆದಿಡುವುದು ಹಿಂದಿನವರ ರೂಢಿ. ತುಂಡು ಹೊಲಕ್ಕೇ ಇಷ್ಟು ಜೋಕೆಯಾದರೆ ದೇಹಕ್ಕೆ ಮಾಡಿದ ಚಿಕಿತ್ಸೆಯ ಬರಹಕ್ಕೆ ಎಷ್ಟು ಜೋಕೆ ಬೇಡ?

ನನ್ನ ಅಕ್ಕನಿಗೆ ಒಮ್ಮೆ ಒಂದು ಇಂಜೆಕ್ಷನ್ ಒಗ್ಗದೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತು. ಹೇಗೋ ಜೀವ ಉಳಿಯಿತು. ಕೆಲವು ವರ್ಷಗಳ ಮೇಲೆ ಶಸ್ತ್ರಚಿಕಿತ್ಸೆಗೆಂದು ಹುಬ್ಬಳ್ಳಿಗೆ ಕರೆದೊಯ್ದಾಗ ಡಾಕ್ಟರು ಮೊದಲು ಕೇಳಿದ್ದೇ ಆ ಔಷಧಿಯ ಹೆಸರು. ನಮ್ಮಲ್ಲಿದ್ದ ಚೀಟಿಯಲ್ಲಿ 'ಇಂಜೆಕ್ಷನ್ ಕೊಡಲಾಗಿದೆ' ಎಂದಷ್ಟೇ ಇತ್ತು. ಹಳೆಯ ದವಾಖಾನೆಗೆ ಓಡಿದರೆ ಕಾಗದಗಳು ಉಳಿದಿಲ್ಲವೆಂಬ ಉತ್ತರ. ಈ ಕಾಯಿದೆಗಳನ್ನು ನಾನು ಓದತೊಡಗಿದ್ದು ಅಂದಿನಿಂದ.

ನೀವು ತಿಳಿಯಬೇಕಾದ ಮುಖ್ಯ ಭೇದವಿದು: ರಾಷ್ಟ್ರದ ಕಟ್ಟಳೆ ವೈದ್ಯನನ್ನು ಹಿಡಿಯುತ್ತದೆ, ರಾಜ್ಯದ ಕಾಯಿದೆ ದವಾಖಾನೆಯನ್ನು ಹಿಡಿಯುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಂತೆ ಒಳರೋಗಿಯ ಕಾಗದಗಳನ್ನು ವೈದ್ಯರು 3 ವರ್ಷ ಕಾಪಾಡಬೇಕು. ಎಣಿಕೆ ಚಿಕಿತ್ಸೆ ಆರಂಭವಾದ ದಿನದಿಂದ, ಮುಗಿದ ದಿನದಿಂದಲ್ಲ! ರೋಗಿಯಾಗಲಿ ಅವನು ಒಪ್ಪಿಸಿದವರಾಗಲಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಔಷಧಿಯ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂಬುದು 2016ರ ತಿದ್ದುಪಡಿ. (ಶಾಲೆಯಲ್ಲಿ ಕಾಪಿ ತಿದ್ದಿಸಿದ ನಮಗೆ ಇದನ್ನು ಓದಿ ನಗು ಬಂದರೆ ತಪ್ಪೇನು?) 2023ರ ಆಗಸ್ಟಿನಲ್ಲಿ ಹೊಸ ನಿಯಮಗಳು ಹೊರಟವು, ಅದೇ ತಿಂಗಳಲ್ಲಿ ಅವನ್ನು ತಡೆಹಿಡಿದುದರಿಂದ ಹಳೆಯವೇ ನಿಂತವು.

ಇನ್ನು ರಾಜ್ಯದ್ದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಚಿಕಿತ್ಸೆಯ ದಾಖಲೆ ಇಡುವ ಹೊಣೆಯನ್ನು ಸಂಸ್ಥೆಯ ಮೇಲೆಯೇ ಹೊರಿಸಿದೆ. ನಮಗೆ ನಮ್ಮದೇ ಕಾಯಿದೆ ಇದ್ದುದರಿಂದ ಕೇಂದ್ರದ 2010ರ ಕಾಯಿದೆ ಇಲ್ಲಿ ನಡೆಯದು. 2017ರ ತಿದ್ದುಪಡಿಯ ಮೇಲೆ ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಮುಂಡರಗಿಯವರೂ ಶಿರಹಟ್ಟಿಯವರೂ ಅದಕ್ಕಾಗಿ ಗದಗಿಗೆ ಬಂದರೆ ಸಾಕು. ವೈದ್ಯರ ಮೇಲಿನ ದೂರಾದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಸರಕಾರಿ ದವಾಖಾನೆಗೆ ಈ ರಾಜ್ಯ ಕಾಯಿದೆ ತಾಗದು, ಆದರೆ ಅಲ್ಲಿಯ ಡಾಕ್ಟರೂ 2002ರ ನಿಯಮಕ್ಕೆ ಒಳಪಟ್ಟವರೇ.

ಕೇಂದ್ರದ ಆರೋಗ್ಯ ಮಂತ್ರಾಲಯವು 2016ರಲ್ಲಿ ಹೊರಡಿಸಿದ ವಿದ್ಯುನ್ಮಾನ ದಾಖಲೆಗಳ ಮಾನದಂಡವಂತೂ ರೋಗಿ ಬದುಕಿರುವವರೆಗೂ ದಾಖಲೆಯನ್ನು ಅಳಿಸಕೂಡದೆನ್ನುತ್ತದೆ. 3 ವರ್ಷವೆಲ್ಲಿ, ಜೀವಮಾನವೆಲ್ಲಿ! ಆದರೆ ಅದು ಮಾನದಂಡ, ದಂಡ ವಿಧಿಸುವ ಕಾಯಿದೆಯಲ್ಲ. 2021ರಿಂದ ದೇಶವೆಲ್ಲ ಕೊಡುತ್ತಿರುವ 14 ಅಂಕಿಗಳ 'ಆಭಾ' ಸಂಖ್ಯೆಯೂ ಇಷ್ಟವಿದ್ದವರಿಗೆ ಮಾತ್ರ.

ಆದುದರಿಂದ ಬೆಟಗೇರಿಯಲ್ಲಿ ತೋರಿಸಿ ಹುಬ್ಬಳ್ಳಿಗೆ ಹೊರಡುವ ಮುನ್ನ ಕಾಗದಗಳ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿರಿ, ಅರ್ಜಿಯ ನಕಲಿನ ಮೇಲೆ ತಾರೀಖು ಹಾಕಿಸಿಕೊಳ್ಳಿರಿ. ಒಗ್ಗದ ಔಷಧಿಯ ಹೆಸರನ್ನು ಡಾಕ್ಟರ ಕೈಯಿಂದಲೇ ಬರೆಸಿರಿ. ನನ್ನ ಅಕ್ಕನಿಗೆ ಒಗ್ಗದ ಆ ಔಷಧಿ ಯಾವುದೆಂದು ನಮಗೆ ಇಂದಿಗೂ ತಿಳಿಯದು.