ಚಂಚಲ ಪರೀಕ್ಷೆಗಳು

ಒಂದೇ ಅಕ್ಕಿಯನ್ನು ಒಂದೇ ತಕ್ಕಡಿಯಲ್ಲಿ ಎರಡು ಸಲ ತೂಗಿದಾಗ ಎರಡು ತೂಕಗಳು ಬಂದರೆ ನಾವು ತಕ್ಕಡಿಯನ್ನು ಶಂಕಿಸುತ್ತೇವೆ. ಸಾಫ್ಟ್‌ವೇರ್ ರಚನೆಯಲ್ಲಿಯೂ ಇಂತಹ ತೊಡಕು ಒದಗುವುದುಂಟು. ಅಲ್ಲಿ ಪ್ರತಿಯೊಂದು ತಿದ್ದುಪಡಿಯ ಬಳಿಕ ನೂರಾರು ಕಿರುಪರೀಕ್ಷೆಗಳನ್ನು ಗಣಕಯಂತ್ರವೇ ನಡೆಸಿ, ಪ್ರೋಗ್ರಾಮು ಸರಿಯಾಗಿದೆಯೇ ಎಂಬುದನ್ನು ತಿಳಿಸುತ್ತದೆ. ಆದರೆ ಕೆಲವು ಪರೀಕ್ಷೆಗಳು, ಪ್ರೋಗ್ರಾಮಿನ ಒಂದಕ್ಷರವೂ ಬದಲಾಗದಿದ್ದರೂ, ಈಗ ‘ಸರಿ’ ಎಂದೂ ಮರುಗಳಿಗೆ ‘ತಪ್ಪು’ ಎಂದೂ ನುಡಿಯುತ್ತವೆ. ಇವನ್ನು ಚಂಚಲ ಪರೀಕ್ಷೆಗಳೆಂದು ಕರೆಯೋಣ.

ಚಾಂಚಲ್ಯವು ಅಲ್ಪವಾದರೂ ಅದರ ಫಲ ಅಲ್ಪವಲ್ಲ. ಪ್ರತಿಯೊಂದು ಪರೀಕ್ಷೆಯೂ ಸಾವಿರಕ್ಕೊಮ್ಮೆ ಮಾತ್ರ ಹುಸಿ ನುಡಿಯುವುದೆಂದು ಭಾವಿಸೋಣ. ಅಂತಹ 1000 ಪರೀಕ್ಷೆಗಳನ್ನು ಒಟ್ಟಿಗೆ ನಡೆಸಿದಾಗ ಒಂದೂ ಹುಸಿಯಾಗದಿರುವ ಸಂಭವ ಶೇಕಡ 37 ಮಾತ್ರ! ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಕಥೆಯಂತೆ, ಕ್ರಮೇಣ ಇವುಗಳ ಕೂಗಿಗೆ ಯಾರೂ ಕಿವಿಗೊಡರು.

ಇದಕ್ಕೆ ಕಾರಣಗಳೇನು? 2014ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಪಾಚೆ ಸಂಸ್ಥೆಯ 51 ಯೋಜನೆಗಳನ್ನು ಪರಿಶೀಲಿಸಿ ಮೂರು ಕಾರಣಗಳನ್ನು ಮುಖ್ಯವೆಂದು ಗುರುತಿಸಿದರು. ಉತ್ತರ ಬರುವ ಮೊದಲೇ ಪರೀಕ್ಷೆಯು ಫಲವನ್ನು ನೋಡುವುದು ಮೊದಲನೆಯದು. ಗಡಿಯಾರವನ್ನು ನಂಬದೆ ಉತ್ತರವನ್ನೇ ಕಾಯುವುದು ಅದಕ್ಕೆ ಪರಿಹಾರ. ಏಕಕಾಲದಲ್ಲಿ ನಡೆಯುವ ಎರಡು ಕಾರ್ಯಗಳು ಒಂದನ್ನೊಂದು ಕೆಡಿಸುವುದು ಎರಡನೆಯದು. ಅವುಗಳಿಗೆ ಸರದಿಯನ್ನು ಕಟ್ಟಬೇಕು. ಹಿಂದಿನ ಪರೀಕ್ಷೆಯು ಉಳಿಸಿಹೋದ ಮಾಹಿತಿ ಮುಂದಿನದನ್ನು ಬಾಧಿಸುವುದು ಮೂರನೆಯದು. ಪ್ರತಿ ಸಲವೂ ಹಲಗೆಯನ್ನು ಒರಸಿಯೇ ಆರಂಭಿಸಬೇಕು.

ಆದರೆ ಅನೇಕರು ಸುಲಭದ ದಾರಿಯನ್ನು ಹಿಡಿಯುತ್ತಾರೆ: ‘ತಪ್ಪು’ ಎಂದರೆ ಮತ್ತೆ ನಡೆಸು, ಮೂರರಲ್ಲಿ ಒಮ್ಮೆ ‘ಸರಿ’ ಎಂದರೆ ಸಾಕು! ಪ್ರೋಗ್ರಾಮಿನಲ್ಲಿಯೇ ಹತ್ತಕ್ಕೊಮ್ಮೆ ತಲೆದೋರುವ ನಿಜವಾದ ದೋಷವಿದ್ದರೆ, ಅದು ಸಿಕ್ಕಿಬೀಳಬೇಕಾದರೆ ಮೂರು ಸಲವೂ ತೋರಬೇಕಾಗುತ್ತದೆ. ಹತ್ತರಲ್ಲಿ ಒಂದಾಗಿದ್ದ ಸಂಭವವು ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ.

ಇಂತಹ ದೋಷದ ಬೆಲೆಯೇನು? ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾಯಂತ್ರವು 1986ರ ಮಾರ್ಚಿಯಲ್ಲಿ ಅಮೆರಿಕದ ಟೈಲರ್ ನಗರದಲ್ಲಿ ಒಬ್ಬ ರೋಗಿಗೆ ಅತಿಯಾದ ವಿಕಿರಣವನ್ನು ನೀಡಿತು. ಪರಿಶೀಲಿಸಿದವರಿಗೆ ದೋಷವು ಮತ್ತೆ ಕಾಣಲಿಲ್ಲ. ಯಂತ್ರವನ್ನು ಪುನಃ ಬಳಕೆಗೆ ತಂದರು. ಏಪ್ರಿಲಿನಲ್ಲಿ ಇನ್ನೊಬ್ಬ ರೋಗಿ ಅದಕ್ಕೆ ತುತ್ತಾದರು. ಕೆಲಸಗಾರರು ಸೂಚನೆಗಳನ್ನು ಅತಿ ಶೀಘ್ರವಾಗಿ ತಿದ್ದಿದಾಗ ಮಾತ್ರ ಆ ದೋಷವು ತೋರುತ್ತಿತ್ತೆಂದು ಆಮೇಲೆ ತಿಳಿಯಿತು.

ಆದುದರಿಂದ ಚಂಚಲ ಪರೀಕ್ಷೆಯನ್ನು ಬೇರೆಯಾಗಿರಿಸಿ, ಅದು ಯಾವ ಸನ್ನಿವೇಶದಲ್ಲಿ ತಪ್ಪಿತೆಂಬುದನ್ನು ಬರೆದಿಟ್ಟು, ಕಾರಣವನ್ನು ಹುಡುಕಬೇಕು. ಕೆಟ್ಟಿರುವುದು ತಕ್ಕಡಿಯೋ, ತೂಗಿದ ವಸ್ತುವೋ ಎಂಬುದು ಹುಡುಕಿದವರಿಗಲ್ಲದೆ ತಿಳಿಯದು.